ಜಂಟಿ ಸ್ವತ್ತಿನಿಂದ ಗಿರಿಜಾಂಬಿಕಾಳ ಹೆಸರು ತೆಗೆಯುವ ಬಗ್ಗೆ

ಇಂದ,
ಗಿರಿಜಾಂಬಿಕಾ, ಬಿ.ಸಿ.ಎ.,
ಕೊಬ್ಬರಿ ಮಂಡಿಯ ದಿವಂಗತ ಮಹದೇವಯ್ಯನವರ ಮಗಳು,
ಸೋಮವಾರ, ಮಂಗಳವಾರ ದೊಡ್ಡಣ್ಣನ ಮನೆ, ಬುಧವಾರ, ಗುರುವಾರ ಚಿಕ್ಕಣ್ಣನ ಮನೆ, ಶುಕ್ರವಾರ, ಶನಿವಾರ ತಮ್ಮನ ಮನೆ, ತಿಪಟೂರು.
(ಸದ್ಯದ ವಾಸ: ವಾರದ ಎಲ್ಲಾ ದಿನ ನೊಣವಿನಕೆರೆ)

ಗೆ,
ಶ್ರೀ ತೋಂಟದಾರ್ಯನವರು,
ಬೋರನಕಣಿವೆ ನಾಲೆಯ ನೀರು ಹಂಚಿ ನಿವೃತ್ತರಾದವರು,
ಅರ್ಜಿದಾರಳ ಸೋದರಮಾವ ಹಾಗೂ ಮನೆಯ ಪಾಲು ಪಂಚಾಯ್ತಿಯ ಹಿರಿಯರು,
ಹುಳಿಯಾರು, ಚಿಕ್ಕನಾಯಕನಹಳ್ಳಿ ತಾಲ್ಲೂಕು.

ಮಾನ್ಯರೇ,

ವಿಷಯ: ಅರ್ಜಿದಾರಳ ಮದುವೆಗೆ ಘಟನೋತ್ತರ ಅನುಮೋದನೆ ನೀಡಿ, ಜಂಟಿ ಸ್ವತ್ತುಗಳ ಪಟ್ಟಿಯಲ್ಲಿ ಬೋರ್‌ವೆಲ್ ಮೋಟಾರಿನ ಕೆಳಗಿರುವ ಅವಳ ಹೆಸರನ್ನು ತೆಗೆದುಹಾಕುವ ಬಗ್ಗೆ.

ಉಲ್ಲೇಖ: 1) ತಾವು ಮುಂದೆ ನಿಂತು ಮಾಡಿಸಿದ ಪಾಲುಪಟ್ಟಿ.
2) "ಜಂಟಿ ಸ್ವತ್ತು ಹೇಳದೆ ಕೇಳದೆ ನೊಣವಿನಕೆರೆಗೆ ಹೋಗಿದೆ" ಎಂದು ಅಣ್ಣತಮ್ಮಂದಿರು ಮೂವರೂ ತಮಗೆ ಫೋನಿನಲ್ಲಿ ಕೊಟ್ಟ ದೂರು.
3) ಬರುವ ಭಾನುವಾರ ಎಲ್ಲರೂ ಸೇರತಕ್ಕದ್ದೆಂದು ತಾವು ಅರ್ಜಿದಾರಳಿಗೆ ಫೋನಿನಲ್ಲಿ ಮಾಡಿದ ಅಪ್ಪಣೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಭಾನುವಾರದ ಪಂಚಾಯ್ತಿಯಲ್ಲಿ ಗಂಡಸರು ಮಾತಾಡಿ ಮುಗಿಸುವ ಹೊತ್ತಿಗೆ ಊಟದ ಎಲೆ ಹಾಕುವುದು ವಾಡಿಕೆಯಾಗಿರುವ ಕಾರಣ, ಅರ್ಜಿದಾರಳು ತನ್ನ ಮಾತನ್ನು ಮುಂಗಡವಾಗಿ ಬರವಣಿಗೆಯಲ್ಲಿ ನಿವೇದಿಸಿಕೊಳ್ಳುತ್ತಾಳೆ.

1. ಅರ್ಜಿದಾರಳ ತಂದೆ ತೀರಿಕೊಂಡ ಮೇಲೆ ಮಂಡಿ, ತೋಟ, ಮನೆ ಮೂರೂ ಮೂರು ಪಾಲಾದವು. ಕಾನೂನಿನಲ್ಲಿ ಹೆಣ್ಣುಮಗಳಿಗೂ ಒಂದು ಪಾಲು ಉಂಟೆಂಬ ಸುದ್ದಿ ಆ ದಿನ ನಡುಮನೆಯವರೆಗೆ ಬಂದು, ಕೂರಲು ಜಾಗ ಸಿಗದೆ ವಾಪಸ್ಸು ಹೋಯಿತು. "ನೀನು ಇನ್ನೊಬ್ರ ಮನೆ ಬೆಳಗೋಳು ಕಣವ್ವ, ನಿನಗ್ಯಾಕೆ ಇಲ್ಲಿ ತೆಂಗಿನ ಮರ?" ಎಂದು ತಾವೇ ತಲೆ ಸವರಿ ಕೇಳಿದಿರಿ. ಅರ್ಜಿದಾರಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಬೇರೆ ಮನೆಗೆ ಹೋಗುವವಳೆಂದು ಪಾಲು ಕೊಡಲಿಲ್ಲ. ಪಾಲಾದ ಮೇಲೆ ಬೇರೆ ಮನೆಗೆ ಹೋಗಲು ಬಿಡಲಿಲ್ಲ. ಈ ಎರಡರಲ್ಲಿ ಯಾವುದಾದರೂ ಒಂದು ತಪ್ಪಿರಬೇಕೆಂದು ಅರ್ಜಿದಾರಳ ಅಂದಾಜು.

ಪಾಲು ಮಾಡಲಾಗದೆ ಉಳಿದ ಸ್ವತ್ತುಗಳನ್ನು ತಾವು ಜಂಟಿ ಎಂದು ಬರೆಸಿದಿರಿ. ಬೋರ್‌ವೆಲ್, ಕಾಯಿ ಒಣಗಿಸುವ ಅಟ್ಟ, ಮೋಟಾರು, ಹಾಗೂ "ಗಿರಿಜ (ಲ್ಯಾಪ್‌ಟಾಪ್ ಸಹಿತ)". ಮೋಟಾರಿನ ಮುಂದೆ ಐದು ಎಚ್.ಪಿ. ಎಂದು ನಮೂದಾಗಿದೆ. ಗಿರಿಜಳ ಮುಂದೆ ಏನೂ ನಮೂದಾಗಿರುವುದಿಲ್ಲ.

2. ಸದರಿ ಲ್ಯಾಪ್‌ಟಾಪಿನಲ್ಲಿ ನಡೆಯುವ ಕೆಲಸವೇನೆಂಬುದು ಅಣ್ಣತಮ್ಮಂದಿರಿಗೆ ಇಂದಿಗೂ ಪೂರ್ತಿ ಅರ್ಥವಾಗದಿರುವುದರಿಂದ ಇಲ್ಲಿ ವಿವರಿಸುವುದು ಅಗತ್ಯ. ಮೂವರಿಗೂ ಒಂದೊಂದು ಆನ್‌ಲೈನ್ ಅಂಗಡಿ ಇದೆ. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ವಿಳಾಸ. ಒಳಗೆ ಮಾತ್ರ ಫ್ರೇಮ್‌ವರ್ಕ್ ಒಂದೇ. ಗಿರಾಕಿ ಯಾವ ವಿಳಾಸ ಒತ್ತಿ ಬಂದ ಎಂದು ಅದು ನೋಡಿಕೊಂಡು, ಆಯಾ ಅಂಗಡಿಯ ಟೆಂಪ್ಲೇಟನ್ನು, ಅಂದರೆ ಮುಂದಿನ ವೇಷವನ್ನು, ತೋರಿಸುತ್ತದೆ. ಮನೆ ಒಂದು, ತಲೆಬಾಗಿಲು ಮೂರು ಎಂದು ತಿಳಿದುಕೊಂಡರೆ ಸಾಕು. ಅದನ್ನು ಕಟ್ಟಿದ್ದು ಅರ್ಜಿದಾರಳು.

ದೊಡ್ಡಣ್ಣ ರುದ್ರಮುನಿಯವರ ಅಂಗಡಿ ಅರಿಶಿನ ಬಣ್ಣದ್ದು. ತೆರೆದ ಕೂಡಲೇ ಗಂಟೆ ಬಾರಿಸುತ್ತದೆ. ಚಿಕ್ಕಣ್ಣ ರವೀಂದ್ರನವರದ್ದು ಬರೀ ಬಿಳಿ. ಅದರಲ್ಲಿ ಪರದೇಶದ ಹೆಂಗಸೊಬ್ಬಳು ನಮ್ಮ ಕೊಬ್ಬರಿಯನ್ನು ಚಮಚದಲ್ಲಿ ತಿನ್ನುತ್ತಾಳೆ. ಹೇಗೆ ತಿನ್ನುತ್ತಾಳೆಂದು ಯಾರೂ ಕೇಳಿಲ್ಲ. ತಮ್ಮ ಉಜ್ವಲನದ್ದು ಕಪ್ಪು; ಅಂಗಿ ತೊಡದ ಕಟ್ಟುಮಸ್ತಾದ ಗಂಡಸೊಬ್ಬ ಎದೆಯುಬ್ಬಿಸಿ ನಿಂತಿದ್ದಾನೆ, ಕೊಬ್ಬರಿ ತಿಂದರೆ ಹೀಗಾಗುತ್ತದೆಂಬ ಭರವಸೆ. ಉಜ್ವಲ ಹುಟ್ಟಿದಾಗಿನಿಂದ ಕೊಬ್ಬರಿ ತಿಂದುಕೊಂಡೇ ಬೆಳೆದವನು. ಹಾಗೇನೂ ಆಗಿರುವುದಿಲ್ಲ.

3. ಮೂರೂ ಅಂಗಡಿಯ ಮಾಲು ಒಂದೇ ಅಟ್ಟದ್ದು, ಒಂದೇ ರಾಶಿಯದ್ದು, ಎಷ್ಟೋ ಸಲ ಒಂದೇ ಚೀಲದ್ದು. ಆದಾಗ್ಯೂ ಪುಣೆಯ ಗಿರಾಕಿಯೊಬ್ಬರು ಚಿಕ್ಕಣ್ಣನ ಅಂಗಡಿಗೆ, "ಆ ಗಂಟೆ ಬಾರಿಸುವವರ ಕೊಬ್ಬರಿ ಮುಗ್ಗಲು ವಾಸನೆ, ನಿಮ್ಮದು ಅಮೃತ" ಎಂದು ಬರೆದರು. ಎರಡೂ ಪಾರ್ಸಲ್ಲಿಗೆ ಅರ್ಜಿದಾರಳು ಒಂದೇ ಬೆಳಗ್ಗೆ, ಒಂದೇ ಚೀಲದಿಂದ ತುಂಬಿದ್ದಳು. ಇದನ್ನು ಓದಿ ಚಿಕ್ಕಣ್ಣ ನಕ್ಕು ಸುಮ್ಮನಾಗಬಹುದೆಂದು ಅವಳು ಭಾವಿಸಿದ್ದು ಸುಳ್ಳಾಯಿತು. "ನಾನ್ ಮೊದ್ಲಿಂದ್ಲೂ ಹೇಳ್ತಿರ್ನಿಲ್ವಾ, ನಮ್ ಮಾಲೇ ಬ್ಯಾರೆ ಕಣೇ" ಎಂದು ಹೆಂಡತಿಗೆ ಹೇಳಿದರು. ದೊಡ್ಡಣ್ಣ ಅಂದಿನಿಂದ ಅಟ್ಟದ ಮೇಲೆ ಸುಣ್ಣದಲ್ಲಿ ಗೆರೆ ಎಳೆಸಿ, ಮುಗ್ಗಲು ಯಾರ ಕಡೆಯಿಂದ ಬರುತ್ತಿದೆ ಎಂದು ಮೂಸಿ ನೋಡುವುದನ್ನು ರೂಢಿಸಿಕೊಂಡರು.

4. ಮೂರು ವೇಷಗಳಿಗೂ ಅಡಿಯಲ್ಲಿ ಒಂದು ತಾಯಿ ಟೆಂಪ್ಲೇಟು ಇದೆ. ಅಲ್ಲಿ ಒಂದು ಸಾಲು ಬರೆದರೆ ಮೂರು ಅಂಗಡಿಯಲ್ಲೂ ಕಾಣಿಸುತ್ತದೆ. ಶಿವರಾತ್ರಿಗೆ ದೊಡ್ಡಣ್ಣ ಒಂದು ನಂದಾದೀಪ ಬೇಕೆಂದರು. ಆ ಸಾಲು ತಾಯಿ ಟೆಂಪ್ಲೇಟಿಗೆ ಬಿತ್ತು. ತತ್ಪರಿಣಾಮವಾಗಿ ಪರದೇಶದ ಹೆಂಗಸಿನ ಚಮಚದ ಪಕ್ಕದಲ್ಲೂ, ಅಂಗಿ ತೊಡದ ಗಂಡಸಿನ ಎದೆಯ ಮೇಲೂ ದೀಪ ಉರಿಯತೊಡಗಿತು. ಅರ್ಜಿದಾರಳು ಕಾಫಿ ಆರುವುದರೊಳಗೆ ಅದನ್ನು ಸರಿಪಡಿಸಿದಳು. ಅಷ್ಟರಲ್ಲಿ ಉಜ್ವಲ ಅದನ್ನು ಒತ್ತುವರಿ ಎಂದು ಘೋಷಿಸಿ ಆಗಿತ್ತು. "ಇವತ್ತು ದೀಪ ಮಡಗ್ತಾರೆ, ನಾಳೆ ಬದು ಕಿತ್ತು ಒಳೀಕೆ ಬತ್ತಾರೆ" ಎಂದ. ತಮಗೆ ಫೋನು ಹೋಯಿತು. ತಾವು ಹುಳಿಯಾರಿನಿಂದ ಬಸ್ಸು ಹತ್ತಿ ಬಂದಿರಿ.

ಅಂದಿನ ನಡವಳಿಯನ್ನು ನೆನಪಿಸಲು ಅನುಮತಿ ಕೋರಿದೆ.

"ಸರ್ವರ್ರು ಸರ್ವರ್ರು ಅಂತೀರಲ್ಲ, ಎಲ್ಲೈತೆ ಅದು? ತೋರ್ಸಿ, ನೋಡಾನ" ಎಂದಿರಿ.

"ಮುಂಬೈಲೈತೆ ಮಾವ" ಎಂದಳು ಅರ್ಜಿದಾರಳು.

"ಅಲ್ಲೀಗಂಟ ಪೈಪ್ ಎಳ್ದೋರ್ಯಾರ್ಲಾ?" ಎಂದು ಉಜ್ವಲನನ್ನು ಗದರಿದಿರಿ. ಅವನು ಇವಳ ಕಡೆ ಕೈ ತೋರಿಸಿದ.

ಆಗ ತಾವು ಕೊಟ್ಟ ತೀರ್ಪು: "ಮೂರು ತೋಟಕ್ಕೂ ಬೋರು ಒಂದೇ ಅಂದ್ಮೇಲೆ ವಾಲ್ವು ತಿರುಗ್ಸೋದೇ ನ್ಯಾಯ. ಒಬ್ಬೊಬ್ರಿಗೆ ಎಲ್ಡೆಲ್ಡು ದಿನ. ಭಾನ್ವಾರ ಮೂರು ಹೋಳು. ಬದ್ಲಿ ಗಿದ್ಲಿ ಇಲ್ಲ. ಒಬ್ರ ಸರದೀನ ಇನ್ನೊಬ್ರು ಮುಟ್ಟಂಗಿಲ್ಲ." ಒಂದೇ ಫ್ರೇಮ್‌ವರ್ಕಿನಲ್ಲಿ ಮೂರು ಅಂಗಡಿ ಅಲ್ಲ, ಮೂವತ್ತು ಅಂಗಡಿ ಇಟ್ಟರೂ ಎಲ್ಲವೂ ಒಟ್ಟಿಗೇ ತೆರೆದಿರಬಲ್ಲವು, ಒಬ್ಬರು ಕುಡಿದರೆ ಇನ್ನೊಬ್ಬರಿಗೆ ಬತ್ತುವುದಿಲ್ಲ ಎಂದು ಅರ್ಜಿದಾರಳು ಹೇಳಲು ಬಾಯಿ ತೆರೆದಿದ್ದಳು. "ಎಲೆ ಹಾಕವ್ವ" ಎಂದಿರಿ. ಹಾಕಿದಳು.

5. ಅಂದಿನಿಂದ ಅಂಗಡಿಗಳು ಸರದಿಯ ಪ್ರಕಾರ ತೆರೆಯುತ್ತಿವೆ. ಮಂಗಳವಾರ ಉಜ್ವಲನ ಅಂಗಡಿಗೆ ಬಂದವರಿಗೆ "ಈ ದಿನ ನಮ್ಮ ಸರದಿ ಅಲ್ಲ" ಎಂಬ ಫಲಕ ಕಾಣುತ್ತದೆ. ಇಂದೋರಿನವರೊಬ್ಬರು ಇದು ಯಾವ ವ್ರತ, ತಾವೂ ಮಾಡಬಹುದೇ ಎಂದು ವಿಚಾರಿಸಿದರು. ಉಳಿದವರು ಬೇರೆ ಅಂಗಡಿ ಹುಡುಕಿ ಹೋಗುತ್ತಾರೆ. ಅದು ದೊಡ್ಡಣ್ಣನದ್ದಾಗಿರುತ್ತದೆ.

ವಾಲ್ವು ತಿರುಗಿಸುವವಳ ಊಟವೂ ಸರದಿಗೆ ಸೇರಿತು. ಯಾರ ಅಂಗಡಿ ತೆರೆದಿದೆಯೋ ಅವರ ಮನೆಯಲ್ಲಿ ಊಟ. ಮಂಗಳವಾರ ದೊಡ್ಡಣ್ಣನ ಮನೆಯಲ್ಲಿ ಮುದ್ದೆ ಮುರಿಯುವಾಗ ಇಂಪನಾ, ಅವರ ಮಗಳು, "ಅತ್ತೆ, ನಾಳೆ ನೀನು ನಮ್ಮೋಳಲ್ಲ ಅಲ್ವಾ?" ಎಂದು ಕೇಳಿತು. ಮಗು ಕೇಳಿದ್ದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಕೇಳಿದ್ದನ್ನೇ ಹೇಳಿತು. ಆದರೆ ಅರ್ಜಿದಾರಳು ಮುರಿದ ಮುದ್ದೆಯನ್ನು ಅಲ್ಲಿಗೇ ಬಿಟ್ಟು ಎದ್ದು ತಟ್ಟೆ ತೊಳೆದಳು. ಹುಟ್ಟಿದ ಮನೆಯಲ್ಲೇ ತಟ್ಟೆ ಎತ್ತಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗುವುದು ಎಷ್ಟು ಅವಮಾನ ಎಂಬುದು ತಮಗೆ ಹೇಗೆ ತಿಳಿಯಬೇಕು ಮಾವ? ಕ್ಷಮಿಸಿ. ಮಾನ್ಯರೇ.

6. ಹೀಗಿರುವಲ್ಲಿ, ಮೂರೂ ಅಂಗಡಿಯ ಪಾರ್ಸಲ್ಲುಗಳನ್ನು ಕೊರಿಯರ್ ಆಫೀಸಿನಲ್ಲಿ ತೂಕ ಹಾಕಿ ಪಡೆಯುವವರು ಒಬ್ಬರಿದ್ದರು. ಅವರು ನೊಣವಿನಕೆರೆಯವರು, ನಮ್ಮವರೇ, ವಯಸ್ಸಿನಲ್ಲಿ ಅರ್ಜಿದಾರಳಿಗಿಂತ ಎರಡು ವರ್ಷ ಹಿರಿಯರು. ಮುಂದೆ ಇವರನ್ನು 'ಸದರಿ ವರ' ಎಂದು ಕರೆಯಲಾಗುವುದು. ಒಂದು ದಿನ ಅವರು ಅರಿಶಿನದ ಡಬ್ಬಿ, ಬಿಳಿ ಡಬ್ಬಿ, ಕಪ್ಪು ಡಬ್ಬಿ ಮೂರನ್ನೂ ಸಾಲಾಗಿ ಇಟ್ಟು, "ಮೂರ್ನೂ ಕಟ್ಟೋರು ನೀವೇ. ಇದ್ರಲ್ಲಿ ನಿಮ್ದ್ಯಾವ್ದು?" ಎಂದು ಕೇಳಿದರು.

ಅರ್ಜಿದಾರಳಿಗೆ ಅಳು ಬಂತು. ಕೊರಿಯರ್ ಆಫೀಸಿನಲ್ಲಿ, ಸಾಲಿನಲ್ಲಿ ಜನ ನಿಂತಿರುವಾಗ ಅಳುವುದು ಸೂಕ್ತವಲ್ಲವಾದ ಪ್ರಯುಕ್ತ ಅವಳು ರಸೀದಿ ತೆಗೆದುಕೊಂಡು ಹೊರಗೆ ಬಂದಳು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

7. ಸದರಿ ವರನ ತಾಯಿ ಕ್ರಮ ಪ್ರಕಾರ ಹೂವು ಹಣ್ಣು ಹಿಡಿದು ಕೇಳಲು ಬಂದರು. ಅಂದು ಸೋಮವಾರ. ದೊಡ್ಡಣ್ಣ ಬಹಳ ಮರ್ಯಾದೆಯಿಂದ ಕೂರಿಸಿ, "ಮದ್ವೆಗೆ ನಂದೇನು ಅಭ್ಯಂತ್ರ ಇಲ್ಲ ಕಣ್ರೀ. ನನ್ ಸರದಿ ದಿನ ಒಂದು ಬ್ಯಾಡ ಅಷ್ಟೆ" ಎಂದರು. ಆ ತಾಯಿ ಬುಧವಾರ ಬಂದರು. ಚಿಕ್ಕಣ್ಣ ಎಳನೀರು ಕೊಟ್ಟು, "ಧಾರಾಳ್ವಾಗಿ ಮಾಡಾನ. ಬುಧ್ವಾರ ಗುರ್ವಾರ ಬುಟ್ಟು ಯಾವತ್ತಾದ್ರೂ ಇಟ್ಕಳಿ" ಎಂದರು. ಶುಕ್ರವಾರ ಉಜ್ವಲ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಮೂವರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಇದನ್ನು ಪಂಚಾಯ್ತಿಯು ದಯವಿಟ್ಟು ದಾಖಲಿಸಿಕೊಳ್ಳಬೇಕು, ಅಷ್ಟು ಒಳ್ಳೆಯವರು. ಅಯ್ನೋರು ತೆಗೆದುಕೊಟ್ಟ ಮುಹೂರ್ತಗಳೆಲ್ಲ ಯಾವುದಾದರೂ ವಾರದ ಯಾವುದಾದರೂ ದಿನ ಬರುತ್ತಿದ್ದವು, ಅದು ಯಾರದಾದರೂ ಸರದಿಯಾಗಿರುತ್ತಿತ್ತು, ಆದ್ದರಿಂದ ಆ ದಿನ ಆಗುತ್ತಿರಲಿಲ್ಲ. ಅತ್ತಿಗೆಯರಿಗೆ ಸರದಿ ಇಲ್ಲದ ಕಾರಣ ಅವರ ಅಭಿಪ್ರಾಯ ಪಡೆಯಲಾಗಿರುವುದಿಲ್ಲ.

ನಾಲ್ಕನೇ ಸಲ ಬಂದಾಗ ಆ ತಾಯಿ ಅರ್ಜಿದಾರಳನ್ನು ಜಗಲಿಯ ಮೇಲೆ ಪಕ್ಕಕ್ಕೆ ಕರೆದು, "ನಿಮ್ಮನೇಲಿ ಹೆಣ್ಣು ಕೊಡಾಕಿಲ್ಲ ಅಂತಿದ್ರೆ ನಂಗೆ ಬ್ಯಾಸ್ರ ಇರ್ನಿಲ್ಲ ಮಗ. ಇವ್ರು ಕೊಡ್ತೀವಿ ಅಂತ್ಲೇ ಕೊಡ್ತಿಲ್ವಲ್ಲ" ಎಂದರು. ಐದನೇ ಸಲ ಅವರು ಬರಲಾರರೆಂದು ಅರ್ಜಿದಾರಳಿಗೆ ಹೆದರಿಕೆಯಾಯಿತು. ಮೂವತ್ತಮೂರು ವರ್ಷದವಳಿಗೆ ಹೂವು ಹಣ್ಣು ಹಿಡಿದು ಪದೇ ಪದೇ ಬರುವವರು ತಿಪಟೂರು, ತುರುವೇಕೆರೆ ಎರಡು ತಾಲ್ಲೂಕು ಸೇರಿಸಿದರೂ ಹೆಚ್ಚಿಲ್ಲ.

8. ಆಗ ಅವಳಿಗೆ ತೋಟದ ಬೋರಿನ ವಿಷಯದಲ್ಲಿ ಹಿಂದೊಮ್ಮೆ ತಾವೇ ಕೊಟ್ಟಿದ್ದ ತೀರ್ಪು ನೆನಪಾಯಿತು. ಕರೆಂಟ್ ಹೋದ ಹೊತ್ತನ್ನು ಯಾರ ಲೆಕ್ಕಕ್ಕೆ ಹಿಡಿಯಬೇಕೆಂದು ಅಣ್ಣಂದಿರು ಕಿತ್ತಾಡಿದಾಗ, "ಕರೆಂಟ್ ಇಲ್ದಿರೋ ವ್ಯಾಳ್ಯ ಯಾರ ಸರದೀನೂ ಅಲ್ಲ. ಅದು ದೇವ್ರ ಲೆಕ್ಕ" ಎಂದಿದ್ದಿರಿ. ಅಂಗಡಿಗೂ ಬೋರಿನ ಕಾನೂನೇ ಅನ್ವಯ ಎಂದು ತಮ್ಮದೇ ಅಪ್ಪಣೆ ಇರುವುದರಿಂದ, ಈ ತೀರ್ಪೂ ಅನ್ವಯ. ತಿಪಟೂರಿನಲ್ಲಿ ಕರೆಂಟ್ ಹೋದರೆ ಮುಂಬೈನ ಸರ್ವರ್ ನಿಲ್ಲುವುದಿಲ್ಲ, ಆ ಹೊತ್ತಿನಲ್ಲೂ ಅಂಗಡಿ ನಡೆಯುತ್ತಲೇ ಇರುತ್ತದೆ ಎಂಬುದನ್ನು ಅರ್ಜಿದಾರಳು ಯಾರಿಗೂ ತಿಳಿಸಲು ಹೋಗಿರುವುದಿಲ್ಲ. ಹೋದ ಸಲ ವಿವರಿಸಲು ಹೋದಾಗ ಎಲೆ ಹಾಕಬೇಕಾಗಿ ಬಂದಿದ್ದನ್ನು ಮೇಲೆ ಅರಿಕೆ ಮಾಡಲಾಗಿದೆ.

ಕಳೆದ ಗುರುವಾರ ನಿರ್ವಹಣಾ ಕಾಮಗಾರಿಯ ನಿಮಿತ್ತ ನಮ್ಮ ಬಡಾವಣೆಗೆ ಬೆಳಗಿನಿಂದ ಸಂಜೆಯವರೆಗೆ ವಿದ್ಯುತ್ ಇರುವುದಿಲ್ಲವೆಂದು ಪೇಪರಿನಲ್ಲಿ ಬಂತು. ಕರೆಂಟ್ ಹೋದ ಕೂಡಲೇ ಚಿಕ್ಕಣ್ಣ ಲುಂಗಿ ಎತ್ತಿ ಕಟ್ಟಿ ತೋಟಕ್ಕೆ ಹೋದರು. ದೊಡ್ಡಣ್ಣ ಮಂಡಿಗೆ ಹೋದರು. ಉಜ್ವಲ ಮಲಗಿದ. ಅರ್ಜಿದಾರಳು ತೀರಿಹೋದ ಅಮ್ಮನ ಹಸಿರು ಸೀರೆ ಉಟ್ಟು, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿ, ನೊಣವಿನಕೆರೆಯ ಬಸ್ಸು ಹತ್ತಿದಳು. ಸದರಿ ವರನ ಮನೆಯ ಪಡಸಾಲೆಯಲ್ಲಿ, ಅಯ್ನೋರ ಸಮ್ಮುಖದಲ್ಲಿ, ಯಾರ ಸರದಿಗೂ ಒಂದು ನಿಮಿಷವೂ ಭಂಗ ಬಾರದ ಹಾಗೆ, ದೇವರ ಲೆಕ್ಕದಲ್ಲಿ ಮದುವೆ ನೆರವೇರಿತು. ಧಾರೆಯ ಹೊತ್ತಿಗೆ ಸೋದರಮಾವ ನಿಲ್ಲಬೇಕಾದ ಜಾಗ ಖಾಲಿ ಇತ್ತು. ಅಲ್ಲಿಗೆ ಯಾರನ್ನೂ ನಿಲ್ಲಿಸಬೇಡಿ ಎಂದು ಅರ್ಜಿದಾರಳೇ ಹೇಳಿದಳು. ಸಂಜೆ ತಿಪಟೂರಿನಲ್ಲಿ ಕರೆಂಟ್ ಬಂದ ಸುದ್ದಿ ತಿಳಿದು, ಬಾಸಿಂಗವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಚಿಕ್ಕಣ್ಣನ ಅಂಗಡಿಯ ಬಾಗಿಲು ತೆರೆದಿರುವುದನ್ನು ಖಚಿತಪಡಿಸಿಕೊಂಡಳು.

9. ಬಳಿಕ ಮೂವರಿಗೂ ಒಬ್ಬೊಬ್ಬರಂತೆ ಫೋನು ಮಾಡಿ, ಮದುವೆಯಾಯಿತು ಎಂದು ತಿಳಿಸಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ದೊಡ್ಡಣ್ಣ: "ಪಾಸ್‌ವರ್ಡು ಯಾರ್ತವೈತೆ?"

ಚಿಕ್ಕಣ್ಣ: "ನನ್ ಸರದೀಲಿ ಆಗ್ಲಿಲ್ಲ ತಾನೆ?"

ಉಜ್ವಲ: "ಅಕ್ಕ, ಲ್ಯಾಪ್‌ಟಾಪ್ ತಗಂಡ್ ಹೋಗಿದ್ಯಾ?"

ಮರುದಿನ ಮೂವರೂ, ಪಾಲಾದ ಮೇಲೆ ಮೊದಲ ಬಾರಿಗೆ, ಒಂದೇ ಕಡೆ ಕೂತು ಒಂದು ತೀರ್ಮಾನಕ್ಕೆ ಬಂದು ತಮಗೆ ದೂರು ಕೊಟ್ಟರು. ಅರ್ಜಿದಾರಳು ವಾರಪೂರ್ತಿ ಯಥಾಪ್ರಕಾರ ತಿಪಟೂರಿನಲ್ಲಿದ್ದು, ಭಾನುವಾರದ ಮೂರು ಹೋಳು ಮುಗಿದ ಮೇಲೆ ಗಂಡನ ಮನೆಗೆ ಹೋಗಿ ಬರಬಹುದೆಂಬುದು ಅವರ ಸೂಚನೆ. ಗಂಡನಿಗೂ ಒಂದು ಸರದಿ ಎಂದಾಯಿತು. ತಾವು ಭಾನುವಾರ ಇದನ್ನೇ ತೀರ್ಮಾನಿಸಬೇಕಾಗಿದೆ: ಇವಳು ತವರಿಗೆ ಮಗಳಾಗಿ ಬಂದು ಹೋಗುವವಳೋ, ಮೋಟಾರಾಗಿ ಇರತಕ್ಕವಳೋ.

ಆದ ಕಾರಣ, ಮೇಲ್ಕಾಣಿಸಿದ ಎಲ್ಲಾ ಅಂಶಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ,

(ಅ) ಅರ್ಜಿದಾರಳ ಮದುವೆಗೆ ಘಟನೋತ್ತರ ಅನುಮೋದನೆ ನೀಡಬೇಕಾಗಿಯೂ,

(ಆ) ಜಂಟಿ ಸ್ವತ್ತುಗಳ ಪಟ್ಟಿಯಿಂದ "ಗಿರಿಜ" ಎಂಬುದನ್ನು ಹೊಡೆದುಹಾಕಿ, ಮೋಟಾರನ್ನು ಯಥಾಸ್ಥಿತಿ ಮುಂದುವರಿಸಬೇಕಾಗಿಯೂ,

(ಇ) ಫ್ರೇಮ್‌ವರ್ಕನ್ನು ಮೂರು ಪ್ರತಿ ಮಾಡಿ ಮೂವರಿಗೂ ಬೇರೆ ಬೇರೆ ಕೂರಿಸಲಾಗಿದ್ದು, ಭಾನುವಾರ ಅವರವರ ಪಾಸ್‌ವರ್ಡನ್ನು ಅವರವರ ಕೈಗೇ ಕೊಡಲಾಗುವುದರಿಂದ, ಇನ್ನು ಮುಂದೆ ಅಂಗಡಿಗಳು ದಿನವೂ ತೆರೆದಿರಲು ಅಡ್ಡಿಯಿಲ್ಲವೆಂದು ಮನವರಿಕೆ ಮಾಡಿಕೊಡಬೇಕಾಗಿಯೂ,

ಕೈಮುಗಿದು ಕೇಳಿಕೊಳ್ಳಲಾಗಿದೆ.

ಇಂತು, ಪಟ್ಟಿಯಲ್ಲಿ ಇನ್ನೂ ಮೋಟಾರಿನ ಕೆಳಗಿರುವ,
ತಮ್ಮ ವಿಶ್ವಾಸಿ ಹಾಗೂ ತಂಗಿಯ ಮಗಳು,
ಗಿರಿಜಾಂಬಿಕಾ

ಲಗತ್ತುಗಳು:
1. ಮದುವೆಯ ಫೋಟೋ, ಒಂದು. (ಸೋದರಮಾವನ ಜಾಗ ಖಾಲಿ ಇರುವುದು ಎಡಗಡೆ ಕಾಣುತ್ತದೆ.)
2. ವಿದ್ಯುತ್ ನಿಲುಗಡೆಯ ಪೇಪರ್ ತುಣುಕು.
3. ಅಣ್ಣತಮ್ಮಂದಿರಿಗೆ ಇದರ ಪ್ರತಿ ಕಳಿಸಿಲ್ಲ. ಕಾರಣ ಕೆಳಗಿದೆ.

ವಿ.ಸೂ.: ಈ ಅರ್ಜಿಯಲ್ಲಿ ಸದರಿ ವರನ ಹೆಸರನ್ನು ಎಲ್ಲಿಯೂ ಬರೆದಿರುವುದಿಲ್ಲ. ಮರೆತಿದ್ದಲ್ಲ. ಮದುವೆಯಾಯಿತೆಂದು ತಿಳಿದ ಮೇಲೆ ಹುಡುಗನ ಹೆಸರೇನು ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಫೋನಿನಲ್ಲಿ ತಾವೂ ಕೇಳಲಿಲ್ಲ. ಭಾನುವಾರ ನಡುಮನೆಯಲ್ಲಿ ಸೇರಿದವರ ಪೈಕಿ ಯಾರು ಮೊದಲು ಅದನ್ನು ಕೇಳುತ್ತಾರೋ ಅವರ ಮನೆಯನ್ನು ಅರ್ಜಿದಾರಳ ತವರು ಎಂದು ನಮೂದಿಸಿಕೊಳ್ಳುವುದು. ಪಾಸ್‌ವರ್ಡು ಹಂಚಿ, ಎಲೆ ಎತ್ತಿ ಮುಗಿಯುವವರೆಗೂ ಯಾರೂ ಕೇಳದೆ ಹೋದಲ್ಲಿ, ತವರು ಎಂಬಲ್ಲಿ "ಇಲ್ಲ" ಎಂದು ಬರೆದು ಈ ಅರ್ಜಿಯನ್ನು ವಿಲೇವಾರಿ ಮಾಡಬೇಕಾಗಿ ವಿನಂತಿ.